ಕುತ್ತಿಗೆಯಲ್ಲಿ ಉಳಿದ ಚರೆ

ಲಿಂಗಿಯ ಕುತ್ತಿಗೆಯೊಳಗೆ ಸಾವ್ಕಾರ ಶಶಿಕುಮಾರನ ಕೋವಿಯ ಚರೆಗಳು ಒಂಬತ್ತು ವರ್ಷದಿಂದ ಬಿಡಾರ ಹೂಡಿದ್ದವು. ಕಾಳುಮೆಣಸಿಗಿಂತ ಸಣ್ಣವು, ಸೀಸದವು. ತೋಟದ ಕಾಂಪೌಂಡರು ಅಂದು ಇಕ್ಕಳ ಹಾಕಿ ಸಿಕ್ಕಷ್ಟನ್ನು ಕಿತ್ತು, ಸಿಗದಿದ್ದುದನ್ನು "ಹಣ್ಣಾದ ಮೇಲೆ ತಾನಾಗಿ ಹೊರಗೆ ಬರುತ್ತೆ" ಎಂದು ಬಿಟ್ಟುಬಿಟ್ಟಿದ್ದ. ಅವನ ಮಾತು ಪೂರ್ತಿ ಸುಳ್ಳೂ ಆಗಲಿಲ್ಲ. ವರ್ಷ ಎರಡು ವರ್ಷಕ್ಕೊಮ್ಮೆ ಒಂದು ಚರೆ ಮೆಲ್ಲಗೆ ಚರ್ಮದಡಿಗೆ ತೇಲಿ ಬಂದು ಗಂಟಾಗಿ ಊದಿಕೊಳ್ಳುತ್ತಿತ್ತು. ಗಂಡ ಕಾಳ ಕಾಫಿ ಗಿಡದ ಕೊಂಬೆ ಸವರುವ ಚಾಕುವನ್ನು ಒಲೆಯಲ್ಲಿ ಕಾಯಿಸಿ, ಆ ಗಂಟನ್ನು ಸೀಳಿ ಹಿಂಡಿದರೆ, ಕೀವಿನ ಜೊತೆ ಅದು ತಟ್ಟೆಗೆ ಟಣ್ಣೆಂದು ಬೀಳುತ್ತಿತ್ತು. ಅಕ್ಕಪಕ್ಕದ ಲೈನ್ ಮನೆಗಳ ಕೂಲಿಯವರು ಬಂದು ನೋಡುತ್ತಿದ್ದರು. "ಸಾವ್ಕಾರ್ರ ಬೀಜ ಹೊರಗೆ ಬಂತಾ?" ಎಂದು ಹೆಂಗಸರು ನಗುತ್ತಿದ್ದರು. ನಗದೆ ಇನ್ನೇನು ಮಾಡುವುದು?

ಹಾಗಾಗಿ ಈ ಸಲ ಕಾಫಿ ಕೊಯ್ಲಿನ ಹೊತ್ತಿಗೆ ಅವಳ ಎಡದವಡೆಯ ಕೆಳಗೆ ಗಂಟೊಂದು ಎದ್ದಾಗ, ಲೈನಿಗೆ ಲೈನೇ "ಚರೆ ಬಂತು" ಎಂದಿತು. ಬೇರೆ ಯಾವ ಊರಿನ ಹೆಂಗಸಾದರೂ ಆ ಗಂಟಿಗೆ ಹೆದರಿ ಆಸ್ಪತ್ರೆಗೆ ಓಡುತ್ತಿದ್ದಳು. ಲಿಂಗಿ ಹಣ್ಣಾಗಲಿ ಎಂದು ಕಾದಳು. ಹೊಗೆಸೊಪ್ಪು ತುರುಕಿಕೊಳ್ಳುತ್ತಿದ್ದ ಎಡಗೆನ್ನೆಯ ಒಳಗೆ ಮಾಯದ ಹುಣ್ಣೊಂದಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಅದಕ್ಕೂ ಈ ಗಂಟಿಗೂ ನಂಟಿದೆಯೆಂದು ಅವಳಿಗೆ ಹೇಳುವವರು ಯಾರಿದ್ದರು?

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ಮಾರನೆಯ ಭಾನುವಾರ ಕಾಳ ಚಾಕು ಕಾಯಿಸಿದ. ಎಡಗಡೆ ಸೀಳಿದ. ರಕ್ತ ಬಂತು. ಹಿಂಡಿದ. ಇನ್ನಷ್ಟು ರಕ್ತ ಬಂತು. ಬೆರಳು ಹಾಕಿ ತಡಕಿದ. ಲಿಂಗಿ ಸೀರೆಯ ಸೆರಗನ್ನು ಕಚ್ಚಿ ಹಿಡಿದಳು, ಕಣ್ಣು ಮೇಲೆ ಹೋಯಿತು.

"ಚರೆ ಇಲ್ಲ ಕಣೇ. ಕಲ್ಲಿನಂಥ ಮಾಂಸ" ಎಂದ ಕಾಳ. ಅವಮಾನವೋ ಹಠವೋ, ಬಲಗಡೆ ಕುತ್ತಿಗೆಯಲ್ಲಿ ಸಣ್ಣದೊಂದು ಉಬ್ಬಿತ್ತಲ್ಲ, ಅದನ್ನೂ ಸೀಳಿದ. ಅಲ್ಲಿ ಚರೆ ಸಿಕ್ಕಿತು. ಸದ್ಯ, ಮಾನ ಉಳಿಯಿತು. ಆದರೆ ಎರಡು ಗಾಯವೂ ಒಣಗಲಿಲ್ಲ. ಹದಿನೈದು ದಿನದಲ್ಲಿ ಕುತ್ತಿಗೆಯ ಎರಡೂ ಕಡೆ ಊದಿ, ತಲೆ ತಿರುಗಿಸಲಾರದಂತಾಯಿತು.

ಮಗಳು ಶೋಭಿತಾ ಮೈಸೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸಕ್ಕಿದ್ದಳು. ರಜೆಗೆ ಬಂದವಳು ತಾಯಿಯ ಬಾಯಿ ತೆರೆಸಿ ಟಾರ್ಚ್ ಹಾಕಿದಳು. ವಾರ್ಡಿನಲ್ಲಿ ಅಂಥ ಬಾಯಿಗಳನ್ನು ಎಷ್ಟೋ ನೋಡಿದ್ದಳು. ಅಂದೇ ಸಿದ್ದಾಪುರಕ್ಕೆ ಕರೆದೊಯ್ದು ಮೈಸೂರಿನ ಬಸ್ಸು ಹತ್ತಿಸಿದಳು.

ಕೆನ್ನೆಯ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರ್ ಹೌದೆಂದಾಯಿತು. ಅದು ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ ಹಬ್ಬಿದೆಯೋ ಇಲ್ಲವೋ ನೋಡಲು ಸಿ.ಟಿ. ಸ್ಕ್ಯಾನ್ ಮಾಡಿದರು. ಚಿತ್ರದಲ್ಲಿ ಕುತ್ತಿಗೆಯೇ ಕಾಣಲಿಲ್ಲ. ಒಂದೊಂದು ಚುಕ್ಕೆಯಿಂದಲೂ ಸೂರ್ಯನಿಗೆ ಕಿರಣ ಮೂಡಿದ ಹಾಗೆ ಬಿಳಿಯ ಗೆರೆಗಳು ಹೊರಟು ಎಲ್ಲವನ್ನೂ ಮುಚ್ಚಿಹಾಕಿದ್ದವು. "ಒಳಗೆ ಏನೋ ಲೋಹ ಇದೆ, ಏನದು?" ಎಂದು ಆಪರೇಷನ್ ಡಾಕ್ಟರು ಕೇಳಿದರು. ಲಿಂಗಿಯ ನಾಲಿಗೆ ಒಂಬತ್ತು ವರ್ಷದ ರೂಢಿಯಂತೆ ಹೊರಳಿತು: "ಬೇಲಿ ತಂತಿ, ಸಾ."

ಡಾಕ್ಟರು ಒಗಟಾಗಿ ಮಾತಾಡುವವರಲ್ಲ. "ನೋಡಮ್ಮ, ಎಡಗಡೆ ಮಾತ್ರ ಹಬ್ಬಿದ್ದರೆ ಕೆನ್ನೆ, ದವಡೆಯ ತುಂಡು, ಆ ಗ್ರಂಥಿ ಎಲ್ಲ ತೆಗೆದು ನಿನ್ನ ಉಳಿಸಬಹುದು. ಎರಡೂ ಕಡೆ ಹಬ್ಬಿ ಚರ್ಮ ಒಡೆದುಕೊಂಡು ಬಂದಿದ್ದರೆ ನಾನು ಕತ್ತಿ ಮುಟ್ಟಲ್ಲ. ನೋವಿಗೆ ಮದ್ದು ಕೊಟ್ಟು ಕಳಿಸ್ತೀನಿ. ನೋಡಿದರೆ ಒಡೆದ ಹಾಗೇ ಇದೆ. ಹೊಸ ಸ್ಕ್ಯಾನ್ ಮೆಷಿನ್ ಬಂದಿದೆ, ಲೋಹದ ಆಚೆಗೂ ನೋಡುತ್ತೆ. ಗುರುವಾರ ಬಾ."

ಚಾಕು ಹಾಕಿದ್ದು ಗಂಡ ಎಂದು ಲಿಂಗಿ ಆಗಲೂ ಬಾಯಿ ಬಿಡಲಿಲ್ಲ. ಬೈಯುತ್ತಾರೆಂಬ ಹೆದರಿಕೆ.

ತಂತಿಯ ಕಥೆ ಕಟ್ಟಿದವನು ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಆನಂದ. ನಡೆದದ್ದು ಬೇರೆ. ಲಿಂಗಿಯ ಅತ್ತೆ ಸತ್ತ ದಿನ ಅವಳ ಬುಡಕಟ್ಟಾದ ಎರವರ ಹೆಣ ಹೋಗುವ ದಾರಿಗೆ ಶಶಿಕುಮಾರ ಮುಳ್ಳುತಂತಿ ಎಳೆಸಿದ್ದ. ಅವನ ಅಜ್ಜ ಆ ಜಾಗಕ್ಕೆ ಬರುವ ಮೊದಲೇ ಅತ್ತಿಮರದ ಬುಡದಲ್ಲಿ ಎರವರು ಮಣ್ಣಾಗುತ್ತಿದ್ದರು. ಈಗ ಅಲ್ಲಿ ಮೆಣಸಿನ ಬಳ್ಳಿ ನೆಟ್ಟಿದ್ದ. ಬಿದಿರ ಚಟ್ಟದ ಮೇಲೆ ಮುದುಕಿಯನ್ನು ಹೊತ್ತು ನಿಂತವರು ಬೆಳಗಿನಿಂದ ಮಧ್ಯಾಹ್ನದವರೆಗೆ ಬೇಡಿದರು. ಹೆಣ ಬಿಸಿಲಿಗೆ ಊದತೊಡಗಿತು. ಲಿಂಗಿ ಕತ್ತಿ ತಂದು ಬೇಲಿಯ ಮೊದಲ ತಂತಿ ಕಡಿದಳು. ಎರಡನೆಯದಕ್ಕೆ ಎತ್ತಿದ ಕೈ ಇಳಿಯಲಿಲ್ಲ. ಬಂಗಲೆಯ ಮೆಟ್ಟಿಲಿನಿಂದ ಈಡು ಹಾರಿತು. ಮೊದಲು ಬಿಸಿ, ಆಮೇಲೆ ಸದ್ದು. ಅವಳು ತಂತಿಯ ಮೇಲೆಯೇ ಬಿದ್ದಳು. ಬಾಯಿಗೆ ತನ್ನದೇ ರಕ್ತ ನುಗ್ಗಿ ಉಸಿರು ಕಟ್ಟಿತು. ಹಿಂದಿದ್ದವರು ಚಟ್ಟ ಬಿಟ್ಟು ಓಡಿದರು. ಕೆಳಗುರುಳಿದ ಮುದುಕಿಯ ಬಿಳಿ ಬಟ್ಟೆಯ ಮೇಲೆ ಸಣ್ಣ ಸಣ್ಣ ಕರಿಯ ತೂತುಗಳಿದ್ದವು. ಒಂದರಿಂದಲೂ ರಕ್ತ ಬರಲಿಲ್ಲ. ಸತ್ತವಳನ್ನೂ ಬಿಡದ ಈಡು ಅದು!

ಆಮೇಲೆ ಮುದುಕಿಯನ್ನು ತೋಟದಲ್ಲೇ ಒಂದು ಮೂಲೆಯಲ್ಲಿ ಹೂತರು, ಜಾಗ ಲೈನಿನವರಿಗೆಲ್ಲ ಗೊತ್ತಿತ್ತು. ಲಿಂಗಿಯ ಹೆಬ್ಬೆಟ್ಟನ್ನು ಮಸಿಗೆ ಒತ್ತಿಸಿದ ಆನಂದ, 'ಕಾಲು ಜಾರಿ ಬೇಲಿ ತಂತಿಯ ಮೇಲೆ ಬಿದ್ದು ಗಾಯ' ಎಂದು ಬರೆದುಕೊಂಡ. ಲೈನಿನವರು ಅಂದಿನಿಂದ ತಂತಿ ಎಂದರು. ಲೈನ್ ಮನೆ ಸಾವ್ಕಾರನದು, ನೀರಿನ ನಲ್ಲಿ ಸಾವ್ಕಾರನದು. ಸತ್ಯ ಮಾತ್ರ ತಮ್ಮದು ಎಂದು ಎಲ್ಲಿ ಇಟ್ಟುಕೊಳ್ಳಬೇಕು?

ಬುಧವಾರ ಮಧ್ಯಾಹ್ನ ಲೈನಿನ ಮುಂದೆ ಜೀಪು ನಿಂತಿತು. ಸ್ಕ್ಯಾನಿನಲ್ಲಿ ಚರೆ ಕಂಡಿದೆಯೆಂದು ಕಾಳ ಯಾರ ಬಳಿಯೋ ಬಾಯಿಬಿಟ್ಟಿದ್ದು ಬಂಗಲೆಯವರೆಗೆ ಹೋಗಿತ್ತು. ಶಶಿಕುಮಾರ ಇಳಿದ. ಹಿಂದೆ ಆನಂದ. ಸಾವ್ಕಾರ ಯಾರನ್ನೂ ಕೇಳದೆ ಗೋಡೆಗೆ ಒರಗಿಸಿದ್ದ ಸ್ಕ್ಯಾನಿನ ಲಕೋಟೆ ಬಿಚ್ಚಿ, ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದ.

"ಲೋ ಆನಂದ, ನನ್ನ ಈಡು ಎಷ್ಟು ಚೆನ್ನಾಗಿ ಹರಡಿಕೊಂಡಿದೆ ನೋಡೋ. ಹಂದಿಗೆ ಹೊಡೆದರೂ ಇಷ್ಟು ಚೆನ್ನಾಗಿ ಕೂರಲ್ಲ."

ಆನಂದ ನಕ್ಕ. ಸಂಬಳಕ್ಕೆ ಸೇರಿದ ನಗು ಅದು.

"ಏನೇ ಲಿಂಗಿ, ನಾಳೆ ಮತ್ತೆ ಸ್ಕ್ಯಾನಂತೆ?"

"ಹ್ಞೂಂ ಸಾವ್ಕಾರ್ರೆ. ಇಲ್ಲಾಂದ್ರೆ ಆಪ್ರೇಸನ್ ಮಾಡಲ್ವಂತೆ."

"ಮಾಡಿಸ್ಕೋ. ಬೇಡ ಅಂದೆನಾ? ನಾನೇನು ಕಟುಕನಾ? ಆದರೆ ಒಳಗಿರೋದು ತಂತಿ. ಹಳೇ ಗಾಯ, ಅವತ್ತೇ ಒಣಗಿದೆ, ಆಮೇಲೆ ಯಾರೂ ಮುಟ್ಟಿಲ್ಲ. ಚಾಕು ಹಾಕಿದ್ದು ಗೊತ್ತಾದ್ರೆ ಏನು ತೆಗೆದ್ರಿ ಅಂತ ಕೇಳ್ತಾರೆ. ಡಾಕ್ಟರು ಕೇಳಿದ್ರೆ ಆನಂದ ಹೇಳ್ತಾನೆ. ನೀನು ಬಾಯಿ ತೆಗೀಬೇಡ. ಹೇಗೂ ಅದು ತೆರೆಯೋದೂ ಇಲ್ಲವಲ್ಲ."

ಶೋಭಿತಾ ಒಳಗಿನಿಂದ ಬಂದಳು. "ತಂತಿ ದುಂಡಗಿರುತ್ತಾ ಸಾರ್? ಅಲ್ಲಿರೋರು ಓದಿದೋರು."

ಶಶಿಕುಮಾರ ಅವಳ ಕಡೆ ತಿರುಗಲಿಲ್ಲ. ಲಿಂಗಿಯ ಕುತ್ತಿಗೆಗೆ ಕೈ ಹಾಕಿದ. ಎಡದ ಗಂಟಿನ ಮೇಲೆ ಹೆಬ್ಬೆರಳು, ಬಲದ ಗಾಯದ ಮೇಲೆ ನಾಲ್ಕು ಬೆರಳು. "ಇಲ್ಲಿದೆಯಾ ನನ್ನ ಚರೆ? ಇಲ್ಲಾ? ಇಲ್ಲಿ?" ಎಂದು ಒತ್ತುತ್ತ ಹೋದ. ಕಟ್ಟಿದ್ದ ಬಟ್ಟೆ ಒದ್ದೆಯಾಗಿ ಕೀವು ಅವನ ಮುಂಗೈಗೆ ಇಳಿಯಿತು. ಲಿಂಗಿಗೆ ಕಿರುಚಲೂ ಬಾಯಿ ತೆರೆಯದು. ಮೂಗಿನಿಂದ ಗೊರಗೊರ ಸದ್ದು ಬಂತು, ಕತ್ತು ಅರ್ಧ ಕಡಿದ ಕುರಿಯಂತೆ.

ಕಾಳ ಅದುವರೆಗೆ ಕೈಕಟ್ಟಿ ನಿಂತಿದ್ದವನು. ಹೇಗೆ ಬಂದನೋ, ಸಾವ್ಕಾರನ ರಟ್ಟೆ ಹಿಡಿದ. ಒಮ್ಮೆ ಹಿಡಿದದ್ದು, ಅಷ್ಟೆ. ಆನಂದ ಜೀಪಿನಿಂದ ಜಾಕಿಯ ಕಬ್ಬಿಣದ ಹಿಡಿ ಎಳೆದು ಅವನ ಮುಂಗೈ ಮೇಲೆ ಇಳಿಸಿದ. ಒಣ ಕಟ್ಟಿಗೆ ಮುರಿದ ಸದ್ದಾಯಿತು. ಎರಡನೆಯ ಏಟು ಬೆನ್ನಿಗೆ, ಮೂರನೆಯದು ಬಿದ್ದವನ ಪಕ್ಕೆಗೆ. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ನೋಡುತ್ತಲೇ ಇದ್ದರು.

ಶಶಿಕುಮಾರ ಕೈಯನ್ನು ಲಿಂಗಿಯ ಸೆರಗಿಗೇ ಒರೆಸಿಕೊಂಡ. "ಇವನು ನಮ್ಮ ಗೋಡೌನಿನಲ್ಲಿ ಇರ್ತಾನೆ. ನೀನು ತಂತಿ ಅಂತ ಹೇಳಿ ವಾಪಸ್ ಬಂದ ಮೇಲೆ ಬಿಡ್ತೀನಿ" ಎಂದ. ಕಾಳನನ್ನು ಕಾಫಿ ಚೀಲದಂತೆ ಎತ್ತಿ ಜೀಪಿಗೆ ಹಾಕಿದರು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ತಾಯಿ ಮಗಳು ಒಂದು ಸೀಟಿನಲ್ಲಿ, ಆನಂದ ಅವರ ಹಿಂದಿನ ಸೀಟಿನಲ್ಲಿ. ದಾರಿಯುದ್ದಕ್ಕೂ ಕಡಲೆಕಾಯಿ ಸುಲಿದು ತಿಂದ. ಪಿರಿಯಾಪಟ್ಟಣ ದಾಟಿದ ಮೇಲೆ ಬಗ್ಗಿ, ಪ್ರೀತಿಯಿಂದೆಂಬಂತೆ ಹೇಳಿದ: "ಲಿಂಗೀ, ಆ ಕಾಗದ ಬರೆದವನು ನಾನು. ಸಾವ್ಕಾರ್ರು ಹೆಂಗೋ ಬಚಾವಾಗ್ತಾರೆ. ನಾನು ಒಳಗೆ ಹೋಗ್ತೀನಿ. ಹೋಗೋಕೆ ಮುಂಚೆ ಏನು ಬೇಕಾದರೂ ಮಾಡ್ತೀನಿ. ತಿಳೀತಾ?"

ಸ್ಕ್ಯಾನಿನ ಕೋಣೆ ಹೂಮಳೆಯ ಬೆಳಗಿಗಿಂತ ತಣ್ಣಗಿತ್ತು. ಮುಂಗೈಗೆ ಸೂಜಿ ಚುಚ್ಚಿ ಅಯೋಡಿನ್ ಮದ್ದು ಬಿಟ್ಟರು. ಮದ್ದು ಓಡಿದ ಕೂಡಲೇ ಗಂಟಲು, ಎದೆ, ಕಿಬ್ಬೊಟ್ಟೆ ಎಲ್ಲ ಒಮ್ಮೆಲೇ ಕಾದವು. ಲಿಂಗಿ ಮೇಜಿನಿಂದ ಜಿಗಿಯಲು ಹೋದಳು. ಮೊದಲು ಬಿಸಿ, ಆಮೇಲೆ ಸದ್ದು. ಆ ಸದ್ದಿಗೆ ಕಾದಳು. ಬರಲಿಲ್ಲ. ದೊಡ್ಡ ಬಳೆಯಂಥ ಯಂತ್ರ ಸುಮ್ಮನೆ ಗುಂಯ್‌ಗುಟ್ಟುತ್ತ ಅವಳ ಕುತ್ತಿಗೆಯ ಸುತ್ತ ತಿರುಗಿತು.

ಹೊರಗೆ ಬಂದಾಗ ಸ್ಕ್ಯಾನ್ ಓದುವ ಡಾಕ್ಟರು ಶಾಂಭವಿ ಅವಳನ್ನೂ ಶೋಭಿತಾಳನ್ನೂ ಪರದೆಯ ಮುಂದೆ ಕೂರಿಸಿದರು. ಆನಂದನೂ ನುಗ್ಗಿದ. "ನಾನು ಇವರ ಕಡೆಯವನು, ಮೇಡಂ" ಎಂದ.

ಪರದೆಯ ಮೇಲೆ ಕಿರಣಗಳು ಮಾಯವಾಗಿದ್ದವು. "ಈ ಮೆಷಿನ್ ಎರಡು ಬಗೆಯ ಎಕ್ಸ್-ರೇ ಒಟ್ಟಿಗೆ ಬಿಡುತ್ತೆ" ಎಂದರು ಶಾಂಭವಿ. "ಲೋಹ ಯಾವುದು, ನಾವು ಬಿಟ್ಟ ಮದ್ದು ಯಾವುದು, ಮಾಂಸ ಯಾವುದು ಅಂತ ಬೇರೆ ಮಾಡಿ ತೋರಿಸುತ್ತೆ. ಈ ಗುಂಡು ಚುಕ್ಕೆಗಳು ಏನಮ್ಮ?"

"ಬೇಲಿ ತಂತಿ ಮೇಡಂ" ಎಂದ ಆನಂದ. "ಹಳೇದು. ಒಂಬತ್ತು ವರ್ಷ. ಅವತ್ತೇ ಒಣಗಿದೆ, ಆಮೇಲೆ ಯಾರೂ ಮುಟ್ಟಿಲ್ಲ."

"ನಿಮ್ಮನ್ನ ಕೇಳಲಿಲ್ಲ." ಡಾಕ್ಟರು ಲಿಂಗಿಯತ್ತ ತಿರುಗಿದರು. "ಅಮ್ಮ, ಎಡಗಡೆ ಈ ಗ್ರಂಥಿ ನೋಡಿ. ಗುಂಡಗಾಗಿದೆ. ಸುತ್ತ ಮದ್ದು ಹೀರಿದೆ, ನಡುವೆ ಹೀರಿಲ್ಲ, ಒಳಗೆ ಸತ್ತುಹೋಗಿದೆ. ಇದಕ್ಕೆ ಕ್ಯಾನ್ಸರ್ ಹೊಕ್ಕಿದೆ. ಇದರಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲ. ಬಲಗಡೆಯವು ಊದಿವೆ, ಆದರೆ ಅವರೆಕಾಳಿನ ಆಕಾರ ಇನ್ನೂ ಇದೆ, ಮದ್ದು ಒಂದೇ ಸಮ ಹೀರಿವೆ. ಗಾಯದ ನಂಜಿಗೆ ಊದಿದ ಹಾಗೆ ಕಾಣುತ್ತೆ. ಆದರೆ ಇವರು ಹೇಳೋ ಹಾಗೆ ಒಂಬತ್ತು ವರ್ಷದಿಂದ ಅಲ್ಲಿ ಯಾವ ಗಾಯವೂ ಇಲ್ಲ ಅಂದರೆ, ಈ ನಂಜು ಎಲ್ಲಿಂದ ಬಂತು? ಆಗ ಬಲಗಡೆಗೂ ಹಬ್ಬಿದೆ ಅಂತಲೇ ಅನುಮಾನ ಬರೀಬೇಕಾಗುತ್ತೆ. ಎಡಗಡೆ ಚರ್ಮ ಕ್ಯಾನ್ಸರಿನಿಂದ ಒಡೆಯಿತು ಅಂತಲೂ ಬರೀತಾರೆ. ಅದು ಬರೆದ ಮೇಲೆ ಆಪರೇಷನ್ ಆಗೋದು ಕಷ್ಟ."

ಲಿಂಗಿ ಪರದೆ ನೋಡಿದಳು. ತನ್ನ ಕುತ್ತಿಗೆಯ ಒಳಗು ಅಲ್ಲಿ ಬೂದು ಬಣ್ಣದಲ್ಲಿ ಬಿದ್ದಿತ್ತು. ಬೂದಿಯ ನಡುವೆ ಸಾವ್ಕಾರನ ಬಿಳಿ ಕಾಳುಗಳು. ಒಂದು ಸುಳ್ಳು ತನ್ನನ್ನು ಒಂಬತ್ತು ವರ್ಷ ಬದುಕಲು ಬಿಟ್ಟಿತ್ತು. ಇವತ್ತು ಅದೇ ಸುಳ್ಳು ಕೊಲ್ಲಲು ಕೂತಿದೆ. ಸತ್ಯ ಹೇಳಿದರೆ ಗೋಡೌನಿನಲ್ಲಿ ಕಾಳ ಉಳಿಯುವುದಿಲ್ಲ.

"ಶೋಭೀ" ಎಂದಳು, ಹಲ್ಲಿನ ಸಂದಿಯಿಂದ. "ಲೈನಿಗೆ ಫೋನ್ ಮಾಡು."

"ಏನಂತ, ಅವ್ವ?"

"ಗೋಡೌನ್ ಬೀಗ ಒಡೀರಿ ಅಂತ. ಎಲ್ರೂ ಕತ್ತಿ ತಗೊಂಡೇ ಹೋಗಿ ಅಂತ. ನಿನ್ನೆ ಬಾಗಿಲಲ್ಲಿ ನಿಂತು ನೋಡಿದ್ರಲ್ಲ, ಅವರಿಗೇ ಹೇಳು. ಅವತ್ತು ನಾನು ಒಂದೇ ತಂತಿ ಕಡ್ದೆ. ಉಳಿದಿದ್ದು ಅವರ ಪಾಲು ಅಂತ ಹೇಳು."

ಶೋಭಿತಾ ಫೋನನ್ನು ಕಿವಿಗಿಟ್ಟು ಎರವ ಭಾಷೆಯಲ್ಲಿ ಗಡಗಡ ಹೇಳಿದಳು. ಆನಂದನಿಗೆ ಆ ಭಾಷೆ ತಿಳಿಯುತ್ತಿತ್ತು. ಮೂವತ್ತು ವರ್ಷ ಅದೇ ಭಾಷೆಯಲ್ಲಿ ಬೈದವನು ಅವನು. ಒಂದೇ ನೆಗೆತಕ್ಕೆ ಅವಳ ಕೆನ್ನೆಗೆ ಬಾರಿಸಿದ. ಫೋನು ಗೋಡೆಗೆ ಹೊಡೆದು ಚೂರಾಯಿತು. ಅವಳ ಜಡೆ ಹಿಡಿದು ತಲೆಯನ್ನು ಮೇಜಿನ ಅಂಚಿಗೆ ಕುಟ್ಟಿದ. ಹುಬ್ಬು ಸೀಳಿತು.

ಲಿಂಗಿ ಎದ್ದಳು. ಇಪ್ಪತ್ತೈದು ವರ್ಷ ಕಾಫಿ ಕೊಂಬೆ ಬಗ್ಗಿಸಿದ ಕೈ ಅದು. ಆನಂದನ ಕುತ್ತಿಗೆಗೆ ಹಾಕಿದಳು, ಎಡಗಡೆ ಹೆಬ್ಬೆರಳು, ಬಲಗಡೆ ನಾಲ್ಕು ಬೆರಳು, ದವಡೆಯ ಬುಡದಲ್ಲಿ. ಅವನನ್ನು ಗೋಡೆಗೆ ಒತ್ತಿದಳು. ಮುಂಗೈಯ ಸೂಜಿ ಕಿತ್ತುಬಂದು ರಕ್ತ ಅವನ ಬಿಳಿ ಅಂಗಿಯ ಮೇಲೆ ಸೋರಿತು.

"ಮೇಡಂ, ಬರ್ಕೊಳ್ಳಿ" ಎಂದಳು. ಆನಂದನ ಕಣ್ಣು ಉಬ್ಬುತ್ತಿತ್ತು. "ಹಿಂಗೆ. ಇದೇ ಜಾಗದಲ್ಲಿ ಸಾವ್ಕಾರ ಶಶಿಕುಮಾರ ನಿನ್ನೆ ಒತ್ತಿದ. ಅಲ್ಲಿರೋದು ತಂತಿ ಅಲ್ಲ, ಅವನ ಕೋವಿ ಚರೆ. ಬೇಲಿ ಕಡ್ದೆ ಅಂತ ಹೊಡ್ದ. ಎರಡು ಗಾಯಾನೂ ತಿಂಗಳ ಹಿಂದಿನವು. ಕ್ಯಾನ್ಸರ್ ಒಡೆದಿದ್ದಲ್ಲ. ಚರೆ ಅಂದ್ಕೊಂಡು ನನ್ನ ಗಂಡ ಚಾಕು ಹಾಕ್ದ. ಬಲಗಡೆ ಒಂದು ಸಿಕ್ತು. ಎಡಗಡೆ ಸಿಗ್ಲಿಲ್ಲ."

"ಬಿಡಮ್ಮ, ಅವನು ಸಾಯ್ತಾನೆ" ಎಂದರು ಡಾಕ್ಟರು, ಆದರೆ ಅವರ ಕೈ ಆಗಲೇ ಬರೆಯುತ್ತಿತ್ತು.

"ಸಾಯಲ್ಲ ಬಿಡಿ. ನಾನು ಸತ್ನಾ?"

ಸೆಕ್ಯುರಿಟಿಯವರು ಬಂದು ಇಬ್ಬರನ್ನೂ ಬಿಡಿಸುವಷ್ಟರಲ್ಲಿ ಆನಂದ ಪ್ಯಾಂಟನ್ನು ಒದ್ದೆ ಮಾಡಿಕೊಂಡಿದ್ದ. ಹಾಗೆಯೇ ಅವನನ್ನು ಹೊರಗೆ ಎಳೆದೊಯ್ದರು.

ಸಂಜೆಯ ಮೊದಲೇ ವರದಿ ಬಂತು. ಎಡಗಡೆ ಒಂದು ಗ್ರಂಥಿಗೆ ಹಬ್ಬಿದೆ, ರಕ್ತನಾಳಕ್ಕೆ ಅಂಟಿಲ್ಲ. ಬಲಗಡೆ ಊತ ಹೊಸ ಗಾಯದ ನಂಜಿನದು. ಚರ್ಮದ ಗಾಯ ಚಾಕುವಿನದು. ಕುತ್ತಿಗೆಯಲ್ಲಿ ಸೀಸದ ಚರೆಗಳಿವೆ. ಆಪರೇಷನ್ ಡಾಕ್ಟರು ಎರಡು ಸಲ ಓದಿದರು. "ಬಲಗಡೆಯದನ್ನೂ ಸೂಜಿ ಹಾಕಿ ಪರೀಕ್ಷೆ ಮಾಡೋಣ. ಸ್ಕ್ಯಾನ್ ಹೇಳಿದ್ದೇ ನಿಜವಾದರೆ ಸೋಮವಾರ ತೆಗೀತೀನಿ. ಕೆನ್ನೆ ಹೋಗುತ್ತೆ, ದವಡೆ ತುಂಡು ಹೋಗುತ್ತೆ. ಬಹಳ ದಿನ ಮಾತು ಬರಲ್ಲ. ಬಂದರೂ ಹಿಂದಿನ ಹಾಗೆ ಬರಲ್ಲ. ಆದರೆ ನೀನು ಉಳೀತೀಯ."

ಹುಬ್ಬಿಗೆ ಹೊಲಿಗೆ ಹಾಕಿದ್ದ ನರ್ಸಿನ ಫೋನಿನಿಂದ ಶೋಭಿತಾ ಲೈನಿಗೆ ಕರೆ ಮಾಡಿದಳು. ಗೋಡೌನಿನ ಬೀಗ ಮಾತ್ರ ಅಲ್ಲ, ಬಾಗಿಲನ್ನೇ ಕಡಿದು ಹಾಕಿದ್ದರು. ಕಾಳ ಉಸಿರಾಡುತ್ತಿದ್ದ, ಸಿದ್ದಾಪುರದ ಆಸ್ಪತ್ರೆಯಲ್ಲಿದ್ದ. ಸಾವ್ಕಾರ ಕೋವಿ ಹಿಡಿದು ಮೆಟ್ಟಿಲಿಗೆ ಬಂದನಂತೆ. ಅರವತ್ತು ಕತ್ತಿ ಕಂಡು ಒಳಗೆ ಹೋಗಿ ಬೋಲ್ಟು ಹಾಕಿಕೊಂಡನಂತೆ.

ಗುಂಡಿನ ಗಾಯವೆಂದು ಆಸ್ಪತ್ರೆಯವರು ತಿಳಿಸಿದ್ದರಿಂದ ಶುಕ್ರವಾರ ಪೊಲೀಸೊಬ್ಬ ವಾರ್ಡಿಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು ಗಡಿಯಾರ ನೋಡಿದ. "ಒಂಬತ್ತು ವರ್ಷದ ಹಳೇ ವಿಷಯ. ಕಾಗದದಲ್ಲಿ ತಂತಿ ಅಂತ ನಿನ್ನ ಹೆಬ್ಬೆಟ್ಟೇ ಇದೆಯಂತೆ. ಈಗ ಹುಷಾರಿಲ್ಲ ನಿಂಗೆ. ಆಪರೇಷನ್ ಆಗ್ಲಿ, ಸುಧಾರಿಸ್ಕೋ, ಆಮೇಲೆ ಹೇಳಿಕೆ ತಗೊಳ್ಳೋಣ" ಎಂದು ಪುಸ್ತಕ ಮುಚ್ಚಿದ.

ಲಿಂಗಿ ಅವನ ಪುಸ್ತಕದ ಮೇಲೆ ಕೈಯಿಟ್ಟಳು. ಸೂಜಿ ಕಿತ್ತ ಕಡೆ ಮುಂಗೈ ನೀಲಿಗಟ್ಟಿತ್ತು.

"ಸೋಮವಾರ ನನ್ನ ಬಾಯಿ ತೆಗೀತಾರೆ. ಇರೋವಾಗ್ಲೇ ಬರ್ಕೋ."

"ಅಲ್ಲಮ್ಮ, ನಿನ್ನ ಕುತ್ತಿಗೆ ಚರೆ ಅವನ ಕೋವಿಯದೇ ಅನ್ನೋಕೆ..."

"ನನ್ನ ಕುತ್ತಿಗೆ ಆಮೇಲೆ. ಮೊದಲು ನನ್ನ ಅತ್ತೆ ಹೆಸರು ಬರ್ಕೋ. ಅವಳ ಹೆಸರು ಕರಿಯಿ. ಅವಳು ಬೇಲಿ ಮೇಲೆ ಬೀಳ್ಲಿಲ್ಲ. ಬೀಳೋಕೆ ಅವಳಿಗೆ ಜೀವಾನೇ ಇರ್ಲಿಲ್ಲ, ಚಟ್ಟದ ಮೇಲೆ ಮಲಗಿದ್ಲು. ಅವಳ ಎದೆ ತುಂಬ ಅದೇ ಚರೆ ಇದೆ. ಅವಳಿಗೆ ಯಾವ ತಂತಿ ಚುಚ್ತು ಅಂತ ಅವನನ್ನ ಕೇಳು."

ಪೊಲೀಸಿನವನು ಕತ್ತೆತ್ತಿದ.

"ಕಾಫಿ ಹಣ್ಣು ಸುಲಿಯೋ ಪಲ್ಪರ್ ಮನೆ ಹಿಂದೆ, ಕಾಫಿ ಸಿಪ್ಪೆ ಗುಂಡಿ ಪಕ್ಕ ಹೂತಿದ್ದಾರೆ. ಅಲ್ಲಿ ಅಗೀರಿ. ಮಾಂಸ ಹೋಗಿರುತ್ತೆ. ಸೀಸ ಎಲ್ಲಿ ಹೋಗುತ್ತೆ?"

ಅವನು ಪೆನ್ನಿನ ಮುಚ್ಚಳ ತೆಗೆದ.